ಬುಸುಗುಟ್ಟುವ ಎಂಜಿನ್ನು

ಹಾವು ಬುಸುಗುಟ್ಟಿದರೆ ಮನುಷ್ಯ ಇದ್ದಲ್ಲಿಯೇ ನಿಲ್ಲುತ್ತಾನೆ. ಕಾರು ಬುಸುಗುಟ್ಟಿದರೆ ರೇಡಿಯೋದ ದನಿಯನ್ನು ತುಸು ಏರಿಸಿ ಮುಂದೆ ಸಾಗುತ್ತಾನೆ. ಎರಡೂ ಎಚ್ಚರಿಕೆಯ ಸದ್ದುಗಳೇ ಎಂಬುದು ನೆನಪಾಗುವ ಹೊತ್ತಿಗೆ ಕೆಲವೊಮ್ಮೆ ಬಹಳ ದೂರ ಸಾಗಿ ಆಗಿರುತ್ತದೆ. ಎಂಜಿನ್ನಿನೊಳಗಿಂದ ‘ಬುಸ್ಸ್’ ಎಂಬ ಸದ್ದು ಏಕೆ ಬರುತ್ತದೆ, ಅದನ್ನು ಹೇಗೆ ಗುರುತಿಸಬೇಕು, ಯಾವುದನ್ನು ಮನೆಯವರೇ ನೋಡಬಹುದು, ಯಾವುದನ್ನು ಮುಟ್ಟಲೇಬಾರದು ಎಂಬ ವಿಚಾರ ಈ ವಾರದ್ದು. ಅದಕ್ಕೆ ಪೀಠಿಕೆಯಾಗಿ ಬೆಳಗಾವಿಯ ಒಂದು ಸಂಸಾರ ಹಿಡಕಲ್ ಜಲಾಶಯಕ್ಕೆ ವಿಹಾರ ಹೊರಟ ಸಂಗತಿಯನ್ನು ಇಟ್ಟುಕೊಳ್ಳೋಣ.

ಮಳೆಗಾಲ ಕಳೆದ ಒಂದು ಭಾನುವಾರ. ನಿವೃತ್ತರಾದ ಯಜಮಾನರು, ಅವರ ಪತ್ನಿ, ಸೊಸೆ ಮತ್ತು ಎಂಟು ವರ್ಷದ ಮೊಮ್ಮಗ – ಇಷ್ಟು ಜನ ಹದಿನೈದು ವರ್ಷ ಹಳೆಯದಾದ ಪೆಟ್ರೋಲು ಕಾರಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರು. ಕಾಕತಿ ದಾಟಿ ವಂಟಮೂರಿ ಘಾಟನ್ನು ಇಳಿಯುವಾಗ ಯಜಮಾನರಿಗೆ ಬ್ರೇಕಿನ ಪೆಡಲು ಎಂದಿಗಿಂತ ಬಿಗಿಯಾಗಿದೆ ಎನ್ನಿಸಿತು. ಮೂರು ನಾಲ್ಕು ಸಲ ಒತ್ತಿದ ಮೇಲಂತೂ ಕಾಲಿನ ಬಲವನ್ನೆಲ್ಲ ಹಾಕಬೇಕಾಯಿತು. ‘ಮೊಣಕಾಲು ಸೋತಿತು, ವಯಸ್ಸಾಯಿತು’ ಎಂದುಕೊಂಡು ಅವರು ಸುಮ್ಮನಾದರು. ಮನೆಯವರಿಗೂ ಹೇಳಲಿಲ್ಲ.

ಹಿಡಕಲ್ ತಲಪಿದಾಗ ಜಲಾಶಯ ತುಂಬಿ ನಿಂತಿತ್ತು. ಘಟಪ್ರಭೆಗೆ ಅಡ್ಡಲಾಗಿ ಹುಕ್ಕೇರಿ ತಾಲೂಕಿನಲ್ಲಿ ಕಟ್ಟಿದ ಈ ಅಣೆಕಟ್ಟಿಗೆ ರಾಜಾ ಲಖಮಗೌಡ ಜಲಾಶಯವೆಂದು ಹೆಸರು. ಎತ್ತರ 62.48 ಮೀಟರು, ಹಿಡಿಯುವ ನೀರು ಸುಮಾರು 51 ಟಿ.ಎಂ.ಸಿ. ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆದ್ದು ಕಾಣುವ ಹುನ್ನೂರಿನ ವಿಠ್ಠಲ ದೇವಾಲಯ ಈಗ ನೀರಿನಡಿಯಲ್ಲಿದೆಯೆಂದು ಅಜ್ಜಿ ಮೊಮ್ಮಗನಿಗೆ ಹೇಳುತ್ತಿದ್ದರು. ಮಧ್ಯಾಹ್ನ ಗೋಕಾಕ ಜಲಪಾತವನ್ನೂ ನೋಡಿಬಿಡುವ ಆಲೋಚನೆ. ಯಜಮಾನರು ನೆರಳಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ನನ್ನು ಆರಿಸದೆ, ಎಲ್ಲರೂ ಇಳಿಯಲೆಂದು ಕಾದರು. ಆಗ ಹುಡುಗ ಮುಂದೆ ಬಂದು ಬಾನೆಟ್ಟಿಗೆ ಕಿವಿಗೊಟ್ಟ.

“ಅಜ್ಜಾ, ಗಾಡಿ ಒಳಗ ಹಾವು ಹೊಕ್ಕೈತಿ!”

ಎಲ್ಲರೂ ನಕ್ಕರು. ಆದರೆ ಕಿವಿಗೊಟ್ಟು ಕೇಳಿದಾಗ ಸದ್ದು ನಿಜವೇ ಆಗಿತ್ತು. ಬಿಡದೆ, ಒಂದೇ ಸಮನೆ, ಸೈಕಲ್ಲಿನ ಟ್ಯೂಬಿನಿಂದ ಗಾಳಿ ಹೋಗುವಂತೆ ‘ಸುಸ್ಸ್’ ಎಂಬ ಸದ್ದು. ಯಜಮಾನರು ಎಂಜಿನ್ನು ಆರಿಸಿ, ಬಾನೆಟ್ಟು ಎತ್ತಿ, “ನೀರು ಕುದೀಲಿಕ್ಕೆ ಹತ್ತಿರಬೇಕು” ಎನ್ನುತ್ತ ಟವಲು ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳದ ಮೇಲೆ ಇಟ್ಟರು.

ಆ ಕೈಯನ್ನು ಹಿಡಿದು ನಿಲ್ಲಿಸಿದವರು ಅವರ ಪತ್ನಿ.

“ಅಯ್ಯ, ಕೈ ತಗೀರಿ! ಕುಕ್ಕರ್ ಶೀಟಿ ಹೊಡದ ಕೂಡಲೇ ಯಾರಾದ್ರೂ ಮುಚ್ಚಳ ತಗೀತಾರೇನ್ರಿ?”

ಆ ತಾಯಿ ಮೋಟಾರು ಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರ ಮಾತು ಅಕ್ಷರಶಃ ಸತ್ಯ. ಬುಸುಗುಟ್ಟುವ ಎಂಜಿನ್ನಿನ ವಿಷಯದಲ್ಲಿ ತಿಳಿದಿರಬೇಕಾದ ಮೊದಲನೆಯ ಪಾಠವೂ ಅದೇ.

ಮುಚ್ಚಳದ ಕೆಳಗಿನ ಅಪಾಯ

ಬಯಲು ಪಾತ್ರೆಯಲ್ಲಿ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸಿಗೆ ಕುದಿಯುತ್ತದೆ. ಹಿಡಕಲ್ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 2,175 ಅಡಿ ಎತ್ತರ. ಅಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ಸುಮಾರು 98 ಡಿಗ್ರಿಗೇ ನೀರು ಕುದಿಯುತ್ತದೆ. ಎಂಜಿನ್ನಾದರೋ ಇದಕ್ಕೆ ಹತ್ತಿರದ ಶಾಖದಲ್ಲಿಯೇ ದಿನವೂ ದುಡಿಯತಕ್ಕದ್ದು. ಆದಕಾರಣ ತಂಪುಗೊಳಿಸುವ ನೀರನ್ನು ಮುಚ್ಚಿದ ಕೊಳವೆಗಳಲ್ಲಿ ಒತ್ತಡದಲ್ಲಿ ಇಡುತ್ತಾರೆ. ಈಗಿನ ಸಾಧಾರಣ ಕಾರಿನ ಮುಚ್ಚಳ, ಹೊರಗಿನ ಗಾಳಿಗಿಂತ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚಿನ ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಆಗ ಒಳಗಿನ ನೀರು 120 ಡಿಗ್ರಿಯ ಹತ್ತಿರಕ್ಕೆ ಬರುವವರೆಗೂ ಕುದಿಯುವುದಿಲ್ಲ. ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಲೆಕ್ಕವೂ ಹೆಚ್ಚು ಕಡಿಮೆ ಇದೇ.

ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿಯುತ್ತದೆ. ಕುದಿಯದೆ ನಿಂತಿದ್ದ ನೀರು ಆ ಕ್ಷಣದಲ್ಲಿ ಕುದಿದು, ಉಗಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಸುಡುವುದು ಕೈಯನ್ನು ಮಾತ್ರವಲ್ಲ, ಬಗ್ಗಿ ನೋಡುವ ಮುಖವನ್ನೂ ಕಣ್ಣನ್ನೂ ಸುಡುತ್ತದೆ. ಟವಲಿನ ರಕ್ಷಣೆ ಅದಕ್ಕೆ ಸಾಲದು. ಎಂಜಿನ್ನು ಆರಿಸಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾದು, ಮುಚ್ಚಳವನ್ನೂ ಮೇಲಿನ ರಬ್ಬರು ಕೊಳವೆಯನ್ನೂ ಕೈಯಿಂದ ಮುಟ್ಟಲು ಬರುವಷ್ಟು ಆರಿದ ಮೇಲೆಯೇ ತೆರೆಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು. ಕಾದ ಲೋಹ ಒಮ್ಮೆಲೇ ತಣಿದರೆ ಬಿರುಕು ಬಿಡಬಹುದು.

ಬುಸುಗುಟ್ಟುವುದು ನೀರಿನ ದೋಷವಾಗಿದ್ದರೆ ಅದಕ್ಕೆ ಸಾಕ್ಷಿಗಳೂ ಉಂಟು. ಶಾಖ ತೋರಿಸುವ ಮುಳ್ಳು ಕೆಂಪು ಗುರುತಿನ ಕಡೆಗೆ ಏರಿರುತ್ತದೆ, ಇಲ್ಲವೆ ಕೆಂಪು ದೀಪ ಹತ್ತಿರುತ್ತದೆ. ಕಾರಿನಡಿಯಲ್ಲಿ ಹಸಿರು, ಗುಲಾಬಿ ಮುಂತಾದ ಬಣ್ಣದ ನೀರು ತೊಟ್ಟಿಕ್ಕಿರುತ್ತದೆ. ತುಸು ಸಿಹಿಯಾದ ವಾಸನೆ ಮೂಗಿಗೆ ತಾಗುತ್ತದೆ. ಸೋರಿದ ಹನಿ ಕಾದ ಹೊಗೆಕೊಳವೆಯ ಮೇಲೆ ಬಿದ್ದು, ಕಾವಲಿಯ ಮೇಲೆ ನೀರು ಚಿಮುಕಿಸಿದಂತೆ ‘ಚುಂಯ್’ ಎನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಗುರುತು, ಎಂಜಿನ್ನು ಆರಿಸಿದ ಮೇಲೆಯೂ ಸದ್ದು ನಿಲ್ಲುವುದಿಲ್ಲ.

ಹಿಡಕಲ್ಲಿನ ಆ ಕಾರಿನಲ್ಲಿ ಮುಳ್ಳು ನಡುವಿನಲ್ಲಿಯೇ ಇತ್ತು. ಕೆಳಗೆ ನೆಲ ಒಣಗಿತ್ತು. ಎಂಜಿನ್ನು ನಿಂತೊಡನೆ ಸದ್ದೂ ನಿಂತಿತ್ತು. ಹಾಗಾದರೆ ಬುಸುಗುಟ್ಟಿದ್ದು ನೀರಲ್ಲ, ಗಾಳಿ.

ಕೇಳಬೇಕಾದ ಮೂರು ಪ್ರಶ್ನೆಗಳು

ಅಷ್ಟು ಹೊತ್ತಿಗೆ ಸಮೀಪದ ಗ್ಯಾರೇಜಿನಿಂದ ಫೋನು ಮಾಡಿ ಕರೆಸಿದ್ದ ವಯಸ್ಸಾದ ಮಿಸ್ತ್ರಿಯೊಬ್ಬರು ಬೈಕಿನಲ್ಲಿ ಬಂದರು. ಬಂದವರು ಹತಾರಗಳ ಚೀಲವನ್ನು ಬಿಚ್ಚದೆ ಮೊದಲು ಪ್ರಶ್ನೆ ಕೇಳಿದರು.

“ಸಾಹೇಬ್ರ, ಆವಾಜ ಯಾವಾಗ ಬರತೈತಿ? ಗಾಡಿ ಚಾಲೂ ಇದ್ದಾಗೋ, ಬಂದ್ ಮಾಡಿದ ಮ್ಯಾಲೋ?”

“ಚಾಲೂ ಇದ್ದಾಗ.”

“ರೇಸ್ ಕೊಟ್ರ ಹೆಚ್ಚಾಕ್ಕೈತೋ, ಕಡಿಮಿ ಆಕ್ಕೈತೋ?”

ಎಂಜಿನ್ನನ್ನು ಮತ್ತೆ ಚಾಲೂ ಮಾಡಿ ನೋಡಿದರು. ರೇಸು ಕೊಟ್ಟಾಗ ಸದ್ದು ಕ್ಷೀಣಿಸಿತು. ಬಿಟ್ಟಾಗ ಮತ್ತೆ ಎದ್ದಿತು.

“ಬ್ರೇಕ್ ಒತ್ತಿದ್ರ ಏನರ ಫರಕ ಆಕ್ಕೈತೇನು, ನೋಡ್ರಿ.”

ಒತ್ತಿದಾಗ ಸದ್ದಿನ ಧಾಟಿ ಬದಲಾಯಿತು. ಎಂಜಿನ್ನಿನ ಓಟವೂ ತಡವರಿಸಿತು. ಮಿಸ್ತ್ರಿ ತಲೆಯಾಡಿಸಿದರು. ಕಾಯಿಲೆ ಯಾವುದೆಂಬುದು ಅವರಿಗೆ ಮುಕ್ಕಾಲು ಪಾಲು ಗೊತ್ತಾಗಿ ಹೋಗಿತ್ತು. ಈ ಮೂರು ಪ್ರಶ್ನೆಗಳನ್ನು ಕಾರಿನ ಒಡೆಯರಾದ ಯಾರೂ ತಮಗೆ ತಾವೇ ಕೇಳಿಕೊಳ್ಳಬಹುದು. ಅವುಗಳ ಹಿಂದಿರುವ ತತ್ತ್ವವನ್ನು ತಿಳಿಯಲು ಹಿಡಕಲ್ಲಿಗಿಂತ ಒಳ್ಳೆಯ ಸ್ಥಳ ಬೇರೆ ಇಲ್ಲ.

ಅಣೆಕಟ್ಟಿನ ಬಾಗಿಲೂ ಎಂಜಿನ್ನಿನ ಕವಾಟವೂ

ಅಣೆಕಟ್ಟಿನ ಒಂದು ಕಡೆ ಎತ್ತರಕ್ಕೆ ನಿಂತ ನೀರು. ಇನ್ನೊಂದು ಕಡೆ ಆಳದಲ್ಲಿ ಹರಿಯುವ ತೆಳ್ಳನೆಯ ನದಿ. ಬಾಗಿಲುಗಳು ಮುಚ್ಚಿರುವಾಗ ಎರಡು ಕಡೆಯ ಒತ್ತಡಗಳಿಗೆ ಬಹಳ ಅಂತರ. ಆಗ ಬಾಗಿಲಿನ ಅಂಚಿನಲ್ಲಿ ಸಣ್ಣ ಸಂದು ಇದ್ದರೂ ನೀರು ಸದ್ದು ಮಾಡುತ್ತ ಚಿಮ್ಮುತ್ತದೆ.

ಪೆಟ್ರೋಲು ಎಂಜಿನ್ನಿನಲ್ಲಿಯೂ ಇಂಥ ಒಂದು ಬಾಗಿಲಿದೆ. ಗಾಳಿ ಒಳಹೋಗುವ ದಾರಿಯಲ್ಲಿ ಕೂತಿರುವ ಈ ಕವಾಟಕ್ಕೆ ಥ್ರಾಟಲ್ ಎಂದು ಹೆಸರು. ಬಲಗಾಲಿನ ಪೆಡಲು ಒತ್ತಿದರೆ ಇದು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಕವಾಟದ ಹೊರಗೆ ವಾಯುಮಂಡಲದ ಪೂರ್ಣ ಒತ್ತಡ. ಒಳಗೆ ಸಿಲಿಂಡರುಗಳು ಬಿಡದೆ ಗಾಳಿಯನ್ನು ಹೀರುತ್ತಿರುತ್ತವೆ. ಕಾರು ನಿಂತು ಎಂಜಿನ್ನು ಮಾತ್ರ ಮೆಲ್ಲಗೆ ಓಡುತ್ತಿರುವಾಗ ಕವಾಟ ಬಹುತೇಕ ಮುಚ್ಚಿರುವುದರಿಂದ ಒಳಗೆ ಅರೆ ನಿರ್ವಾತ ಉಂಟಾಗುತ್ತದೆ. ಪಾದರಸದ ಅಳತೆಯಲ್ಲಿ ಹೇಳುವುದಾದರೆ, ಸಮುದ್ರಮಟ್ಟದಲ್ಲಿ ಆರೋಗ್ಯವಾದ ಎಂಜಿನ್ನು ಸುಮಾರು 17 ರಿಂದ 21 ಅಂಗುಲದಷ್ಟು ನಿರ್ವಾತ ತೋರಿಸುತ್ತದೆ. ಎತ್ತರ 1,000 ಅಡಿ ಹೆಚ್ಚಿದರೆ ಸುಮಾರು 1 ಅಂಗುಲ ಕಡಿಮೆ. ಆದುದರಿಂದ ಹಿಡಕಲ್ಲಿನಲ್ಲಿ ಮಂಗಳೂರಿಗಿಂತ ಎರಡು ಅಂಗುಲದಷ್ಟು ಕಡಿಮೆಯಾದರೆ ಅದು ದೋಷವಲ್ಲ.

ಕವಾಟದ ಒಳಬದಿಗೆ ಅನೇಕ ರಬ್ಬರು ಕೊಳವೆಗಳು ಸೇರುತ್ತವೆ. ವರ್ಷಗಟ್ಟಲೆ ಎಂಜಿನ್ನಿನ ಶಾಖಕ್ಕೆ ರಬ್ಬರು ಗಡುಸಾಗಿ, ತಿರುವಿನಲ್ಲಿಯೋ ಕ್ಲಿಪ್ಪಿನ ಬಳಿಯೋ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಹೊರಗಿನ ಗಾಳಿ ಒಳಕ್ಕೆ ನುಗ್ಗುವ ಸದ್ದೇ ಈ ಬುಸುಗುಟ್ಟುವಿಕೆ. ಗಾಳಿ ಹೊರಗೆ ಹೋಗುತ್ತಿಲ್ಲ, ಒಳಗೆ ಬರುತ್ತಿದೆ ಎಂಬುದನ್ನು ಗಮನಿಸಬೇಕು. ರೇಸು ಕೊಟ್ಟಾಗ ಕವಾಟ ತೆರೆದು ಒಳಗಿನ ನಿರ್ವಾತ ಇಳಿಯುತ್ತದೆ. ಒತ್ತಡದ ಅಂತರ ಕಡಿಮೆಯಾದಂತೆ ಬಿರುಕಿನ ಸದ್ದೂ ಕುಗ್ಗುತ್ತದೆ. ಮಿಸ್ತ್ರಿಯ ಎರಡನೆಯ ಪ್ರಶ್ನೆಯ ಗುಟ್ಟು ಇಷ್ಟೇ.

ಹೀಗೆ ಕದ್ದು ನುಸುಳುವ ಗಾಳಿಯಿಂದ ಎಂಜಿನ್ನಿಗೂ ತೊಂದರೆ. ಗಾಳಿ ಪೆಟ್ರೋಲುಗಳ ಪ್ರಮಾಣ ಕೆಡುತ್ತದೆ. ನಿಂತಲ್ಲಿ ಎಂಜಿನ್ನು ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ನಡುಗುತ್ತದೆ, ಕೆಲವೊಮ್ಮೆ ಕಾರಣವಿಲ್ಲದೆ ವೇಗವಾಗಿ ಓಡುತ್ತದೆ. ಎದುರಿನ ಫಲಕದಲ್ಲಿ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತಿಕೊಳ್ಳಬಹುದು. ಇವುಗಳಲ್ಲಿ ಒಂದು ಬುಸುಗುಟ್ಟುವ ಸದ್ದಿನ ಜೊತೆಗೆ ಕಂಡರೂ ಗಾಳಿಯ ಸೋರಿಕೆಯನ್ನೇ ಮೊದಲು ಸಂಶಯಿಸಬೇಕು.

ಮೊಣಕಾಲಿನ ಮೇಲೆ ಹೊರಿಸಿದ ಅಪರಾಧ

ಮಿಸ್ತ್ರಿ ಚೀಲದಿಂದ ಎರಡು ಮೊಳ ಉದ್ದದ ರಬ್ಬರು ನಳಿಕೆಯನ್ನು ತೆಗೆದರು. ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಓಡುವ ಎಂಜಿನ್ನಿನ ಕೊಳವೆಗಳ ಗುಂಟ ಮೆಲ್ಲನೆ ಸರಿಸಿದರು. ವೈದ್ಯರು ಎದೆಯ ಸದ್ದನ್ನು ಕೇಳುವಂತೆಯೇ ಇದೂ. ಹೆಬ್ಬೆರಳಿನ ದಪ್ಪದ ಒಂದು ಕರಿಯ ಕೊಳವೆಯ ತಿರುವಿಗೆ ಬಂದಾಗ ಅವರ ಕೈ ನಿಂತಿತು. ಆ ಕೊಳವೆಯನ್ನು ಬೆರಳುಗಳಿಂದ ಹಿಸುಕಿ ಹಿಡಿದರು. ಸದ್ದು ನಿಂತಿತು, ನಡುಗುತ್ತಿದ್ದ ಎಂಜಿನ್ನು ಒಡನೆಯೇ ನಿಧಾನವಾಗಿ, ಸಮನಾಗಿ ಓಡಿತು. ಬಿಟ್ಟಾಗ ಮತ್ತೆ ‘ಬುಸ್ಸ್’.

“ಇದು ಬ್ರೇಕಿನ ಬೂಸ್ಟರಿಗೆ ಹೋಗೋ ಪೈಪ್ ರಿ. ಘಾಟ್ ಇಳಿಯೂ ಮುಂದ ಬ್ರೇಕ್ ಗಟ್ಟಿ ಹತ್ತಲಿಲ್ಲೇನ್ರಿ ನಿಮಗ?”

ಯಜಮಾನರು ಮೆಲ್ಲನೆ ಪತ್ನಿಯ ಕಡೆ ನೋಡಿದರು. ಮೊಣಕಾಲಿನ ಕಥೆಯನ್ನು ಆಗ ಹೇಳಲೇಬೇಕಾಯಿತು.

ಈಗಿನ ಕಾರುಗಳಲ್ಲಿ ಬ್ರೇಕು ಒತ್ತುವ ಕಾಲಿಗೆ ಸಹಾಯಕವಾಗಿ ಬೂಸ್ಟರ್ ಎಂಬ ತಟ್ಟೆಯಾಕಾರದ ಒಂದು ಡಬ್ಬಿ ಇರುತ್ತದೆ. ಹೆಚ್ಚಿನ ಪೆಟ್ರೋಲು ಕಾರುಗಳಲ್ಲಿ ಅದು ಕೆಲಸ ಮಾಡುವುದು ಎಂಜಿನ್ನಿನ ಇದೇ ನಿರ್ವಾತದಿಂದ. ಡಬ್ಬಿಯ ನಡುವೆ ಒಂದು ಪರದೆ. ಪೆಡಲು ಒತ್ತಿದಾಗ ಪರದೆಯ ಒಂದು ಬದಿಗೆ ಹೊರಗಿನ ಗಾಳಿ ಬರುತ್ತದೆ, ಇನ್ನೊಂದು ಬದಿಯಲ್ಲಿ ನಿರ್ವಾತವಿರುತ್ತದೆ. ಆ ಅಂತರವೇ ಕಾಲಿನ ಒತ್ತಿಗೆ ಹಲವು ಪಟ್ಟು ಬಲ ಕೊಡುತ್ತದೆ. ಕೊಳವೆ ಸೋರಿದರೆ ಡಬ್ಬಿಯಲ್ಲಿ ನಿರ್ವಾತ ತುಂಬುವುದು ನಿಧಾನ. ಊರೊಳಗೆ ಒಂದೊಂದು ಸಲ ಬ್ರೇಕು ಹಾಕುವವನಿಗೆ ಇದು ತಿಳಿಯದು. ಘಾಟಿನಲ್ಲಿ ಮೇಲಿಂದ ಮೇಲೆ ಒತ್ತಿದಾಗ ಕೂಡಿಟ್ಟ ನಿರ್ವಾತ ಖರ್ಚಾಗಿ ಪೆಡಲು ಕಲ್ಲಿನಂತಾಗುತ್ತದೆ. ಬ್ರೇಕು ಪೂರ್ತಿ ಹೋಗುವುದಿಲ್ಲ. ಆದರೆ ಅದೇ ದೂರದಲ್ಲಿ ಕಾರು ನಿಲ್ಲಬೇಕಾದರೆ ಮೊದಲಿಗಿಂತ ಬಹಳ ಹೆಚ್ಚಿನ ಬಲ ಬೇಕು. ಎದುರಿಗೆ ಲಾರಿ ಬಂದ ಗಳಿಗೆಯಲ್ಲಿ ಎಲ್ಲರ ಕಾಲಿಗೂ ಆ ಬಲ ಇರುವುದಿಲ್ಲ.

ಬೂಸ್ಟರಿನ ಪರದೆಯೇ ಹರಿದಿದ್ದರೆ ಸದ್ದು ಬಾನೆಟ್ಟಿನಡಿಗಿಂತ ಹೆಚ್ಚಾಗಿ ಚಾಲಕನ ಪಾದದ ಬಳಿ ಕೇಳಿಸುತ್ತದೆ. ಪೆಡಲು ಒತ್ತಿ ಹಿಡಿದಷ್ಟು ಹೊತ್ತೂ ಬುಸುಗುಟ್ಟುತ್ತದೆ. ಆಗ ಕೊಳವೆ ಬದಲಿಸಿ ಪ್ರಯೋಜನವಿಲ್ಲ, ಬೂಸ್ಟರನ್ನೇ ಬದಲಿಸಬೇಕು.

ಯಜಮಾನರು ಬಿರುಕಿನ ಮೇಲೆ ಟೇಪು ಸುತ್ತಿದರೆ ಸಾಲದೆ ಎಂದು ಕೇಳಿದರು. ಗೋಕಾಕ ಜಲಪಾತದ ಕಾರ್ಯಕ್ರಮ ಅವರ ಮನಸ್ಸಿನಲ್ಲಿತ್ತು. ಮಿಸ್ತ್ರಿ ಕೊಳವೆಯನ್ನು ಕಳಚಿ ಬಗ್ಗಿಸಿ ತೋರಿಸಿದರು. ಒಂದು ಬಿರುಕಲ್ಲ, ಉದ್ದಕ್ಕೂ ಸಣ್ಣ ಸಣ್ಣ ಸೀಳುಗಳು.

“ಟೇಪ್ ಸುತ್ತಬಹುದು ಸಾಹೇಬ್ರ. ಆದ್ರ ಒಳಗ ಕೂಸು ಕುಂತೈತಿ. ಸಂಕೇಶ್ವರದಿಂದ ಹುಡುಗ ಪೈಪ್ ತರತಾನ, ಎರಡ ತಾಸು ಕುಂದರ್ರಿ.”

ಸೊಸೆ ಬುತ್ತಿ ಬಿಚ್ಚಿದರು. ಗೋಕಾಕ ಇನ್ನೊಂದು ಭಾನುವಾರಕ್ಕೆ ಉಳಿಯಿತು.

ರಿಪೇರಿಯ ನಂತರದ ಪರೀಕ್ಷೆ

ಹೊಸ ಕೊಳವೆಯನ್ನು ಕೂಡಿಸುವಾಗ ಎರಡು ಎಚ್ಚರಗಳು ಅಗತ್ಯ. ನಿರ್ವಾತಕ್ಕಾಗಿಯೇ ಮಾಡಿದ ಗಟ್ಟಿ ಕೊಳವೆ ಬೇಕು. ಮೆತ್ತನೆಯ ನೀರಿನ ಕೊಳವೆಯನ್ನು ಹಾಕಿದರೆ ಹೀರುವ ಬಲಕ್ಕೆ ಅದು ಒಳಗೇ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲದೆ ಈ ದಾರಿಯಲ್ಲಿ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಕವಾಟವಿರುತ್ತದೆ. ಅದನ್ನು ತಿರುವುಮುರುವಾಗಿ ಕೂಡಿಸಬಾರದು.

ಆಮೇಲೆ ಪರೀಕ್ಷೆ. ಇದನ್ನು ಮನೆಯ ಅಂಗಳದಲ್ಲಿ ಯಾರೂ ಮಾಡಬಹುದು. ಎಂಜಿನ್ನು ಆರಿಸಿದ್ದಾಗ ಬ್ರೇಕನ್ನು ಐದಾರು ಸಲ ಒತ್ತಬೇಕು, ಪೆಡಲು ಗಟ್ಟಿಯಾಗುತ್ತದೆ. ಹಾಗೆಯೇ ಒತ್ತಿ ಹಿಡಿದು ಎಂಜಿನ್ನು ಚಾಲೂ ಮಾಡಿದರೆ ಪೆಡಲು ಕಾಲಿನಡಿಯಲ್ಲಿ ತುಸು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ನಿರ್ವಾತ ತಲಪುತ್ತಿಲ್ಲವೆಂದೋ ಬೂಸ್ಟರೇ ಕೆಟ್ಟಿದೆಯೆಂದೋ ಅರ್ಥ. ಎರಡನೆಯದಾಗಿ, ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಬ್ರೇಕು ಒತ್ತಬೇಕು. ಮೊದಲ ಒಂದೆರಡು ಒತ್ತುಗಳು ಮೃದುವಾಗಿದ್ದರೆ ಕೂಡಿಟ್ಟ ನಿರ್ವಾತ ಸೋರಿಲ್ಲ. ಮೊದಲನೆಯದೇ ಗಟ್ಟಿಯಾಗಿದ್ದರೆ ಎಲ್ಲಿಯೋ ಸೋರುತ್ತಿದೆ.

ಬೇರೆ ಬುಸುಗಳು

ಎಲ್ಲ ಸದ್ದೂ ಭಯಕಾರಿಯಲ್ಲ. ಹವಾನಿಯಂತ್ರಣ ಯಂತ್ರವನ್ನು ಆರಿಸಿದ ಮೇಲೆ ಕೆಲವು ಕ್ಷಣ ಕೇಳಿಬರುವ ಸಣ್ಣ ‘ಸುಂಯ್’ ಸಾಮಾನ್ಯವಾದುದು; ಒಳಗಿನ ಅನಿಲದ ಒತ್ತಡ ಎರಡೂ ಕಡೆ ಸಮನಾಗುವ ಸದ್ದು ಅದು. ಟರ್ಬೋ ಇರುವ ಕಾರಿನಲ್ಲಿ ವೇಗ ಹೆಚ್ಚಿಸುವಾಗ ಮಾತ್ರ ಬುಸುಗುಟ್ಟಿ, ಎಳೆಯುವ ಶಕ್ತಿಯೂ ಕುಗ್ಗಿದರೆ, ಟರ್ಬೋ ಗಾಳಿಯ ಕೊಳವೆ ಕಳಚಿರಬಹುದು. ಡೀಸೆಲ್ ಎಂಜಿನ್ನುಗಳಲ್ಲಿ ಬ್ರೇಕಿನ ನಿರ್ವಾತಕ್ಕೆ ಪ್ರತ್ಯೇಕ ಪಂಪು ಇರುತ್ತದೆ. ವಿದ್ಯುತ್ ಕಾರುಗಳಲ್ಲಿ ಬ್ರೇಕಿನ ಸಹಾಯ ವಿದ್ಯುತ್ತಿನಿಂದಲೇ ಬರುತ್ತದೆ. ಆದರೆ ಪೆಡಲು ಎಂದಿಗಿಂತ ಗಟ್ಟಿಯಾದರೆ ಯಾವ ಬಗೆಯ ಕಾರಿಗಾದರೂ ಎಚ್ಚರಿಕೆ ಒಂದೇ.

ಎಂಜಿನ್ನಿನ ಓಟದ ತಾಳಕ್ಕೆ ಸರಿಯಾಗಿ ‘ಚಫ್ ಚಫ್’ ಎಂದು ಒಡೆದೊಡೆದು ಸದ್ದು ಬಂದರೆ ಸ್ಪಾರ್ಕ್ ಪ್ಲಗ್ಗು ಸಡಿಲವಾಗಿರಬಹುದು, ಇಲ್ಲವೆ ಹೊಗೆಕೊಳವೆಯ ಸಂದು ಬಿಟ್ಟಿರಬಹುದು. ಈ ಹೊಗೆಯಲ್ಲಿ ಬಣ್ಣ, ವಾಸನೆಗಳಿಲ್ಲದ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದು ಕಾರಿನೊಳಗೆ ಸೇರಿದರೆ ಕುಳಿತವರಿಗೆ ತಲೆನೋವು, ಮಂಕು, ಕೊನೆಗೆ ಪ್ರಾಣಾಪಾಯ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ನು ಓಡಿಸಿ ಸದ್ದು ಹುಡುಕುವ ಸಾಹಸವನ್ನು ಯಾರೂ ಮಾಡಬಾರದು.

ಹುಡುಕುವ ಕೈಗಳಿಗೂ ಒಂದು ಮಾತು. ಸೀರೆಯ ಸೆರಗು, ದುಪಟ್ಟಾ, ಬಿಟ್ಟ ಜಡೆ, ಸಡಿಲವಾದ ತೋಳು ಇವು ತಿರುಗುವ ಬೆಲ್ಟಿನ ಬಳಿ ಸುಳಿಯಕೂಡದು. ವಿದ್ಯುತ್ತಿನ ಫ್ಯಾನು ಎಂಜಿನ್ನು ಆರಿದ ಮೇಲೂ ತಾನಾಗಿ ತಿರುಗಬಲ್ಲುದು. ಸೋರಿಕೆ ಹುಡುಕಲು ಪೆಟ್ರೋಲು ಮುಂತಾದ ಉರಿಯುವ ದ್ರವಗಳನ್ನು ಚಿಮುಕಿಸುವ ಕೆಟ್ಟ ರೂಢಿಯೊಂದಿದೆ. ಕಾದ ಎಂಜಿನ್ನಿನ ಮೇಲೆ ಅದು ಬೆಂಕಿಯ ಆಟ. ಕಿವಿ, ರಬ್ಬರು ನಳಿಕೆ, ತಾಳ್ಮೆ ಇವೇ ಸಾಕು. ಇವುಗಳಿಗೂ ಸಿಕ್ಕದ ಸೂಕ್ಷ್ಮ ಸೋರಿಕೆಯನ್ನು ದೊಡ್ಡ ಗ್ಯಾರೇಜಿನವರು ಕೊಳವೆಗಳೊಳಗೆ ಹೊಗೆ ತುಂಬಿಸಿ, ಅದು ಹೊರಬರುವ ಜಾಗವನ್ನು ನೋಡಿ ಪತ್ತೆಮಾಡುತ್ತಾರೆ.

ಸಂಜೆ ಹಿಡಕಲ್ಲಿನಿಂದ ಹೊರಟ ಕಾರಿನಲ್ಲಿ ಸದ್ದಿರಲಿಲ್ಲ. ಪೆಡಲು ಹಗುರಾಗಿತ್ತು. ಬದಲಾಯಿಸಿದ ಕೊಳವೆಯ ಬೆಲೆ ಗೋಕಾಕದಲ್ಲಿ ಆಗಬಹುದಾಗಿದ್ದ ಊಟದ ಖರ್ಚಿಗಿಂತ ಹೆಚ್ಚಾಗಿರಲಿಲ್ಲ. ವಂಟಮೂರಿ ಘಾಟು ಏರುವಾಗ, ಎದುರಿನಿಂದ ಇಳಿದು ಬರುತ್ತಿದ್ದ ಗಾಡಿಗಳ ಕೆಂಪು ದೀಪಗಳು ಹತ್ತಿ ಆರುವುದನ್ನು ಕನ್ನಡಿಯಲ್ಲಿ ನೋಡುತ್ತ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ಅದೇ ಇಳಿಜಾರಿನಲ್ಲಿ ತಾವು ಹೇಗೆ ಇಳಿದಿದ್ದೆವೆಂಬುದು ಅವರಿಗೆ ಆಗ ಅರ್ಥವಾಗಿತ್ತು.

“ಇನ್ನ ಮ್ಯಾಲೆ ಕಾಲು ನೋಯ್ತಂದ್ರ ಮೊದಲು ನನಗ ಹೇಳ್ರಿ” ಎಂದರು ಪತ್ನಿ. “ಡಾಕ್ಟರ್ ಕಡೆ ಹೋಗೂದೋ, ಮಿಸ್ತ್ರಿ ಕಡೆ ಹೋಗೂದೋ, ಇಬ್ಬರೂ ಕೂಡಿ ನೋಡೂಣು.”